ಪೆಡಲು ನಿಲ್ಲದ ಸೈಕಲ್ಲಿನ ಮೇಲೆ ಎರಡು ಪರದೇಶ

ಗೋಕಾಕ: ಹೊರಡುವ ಮುನ್ನ

ವಿದೇಶಕ್ಕೆ ಹೋಗಿ ಬಂದವರು ನಾಲ್ಕು ಪುಟ ಬರೆಯದೆ ಸುಮ್ಮನಿರಬಾರದು ಎಂಬುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ನನ್ನ ಓರಗೆಯವರು ಸಿಂಗಾಪುರ, ದುಬೈ ಎಂದು ಸುತ್ತಿ ಬಂದು, ಅಲ್ಲಿಯ ರಸ್ತೆಗಳ ಮೇಲೆ ಎಲೆ ಹಾಕದೆ ಊಟಕ್ಕೆ ಕೂಡಬಹುದು ಎಂದು ಬರೆದಿದ್ದಾರೆ. ನಾನು ಮೂಡಲಗಿಗೂ ಹುಕ್ಕೇರಿಗೂ ಹೋಗಿ ಬಂದಿದ್ದೇನೆ. ಗೋಕಾಕದವನಾದ ನನಗೆ ಇವೆರಡೂ ಪರರಾಷ್ಟ್ರಗಳೇ. ಹುಕ್ಕೇರಿ ಮೊದಲಿನಿಂದಲೂ ಬೇರೆ ತಾಲೂಕು. ಮೂಡಲಗಿ ನಮ್ಮಿಂದಲೇ ಒಡೆದು ಬೇರೆ ತಾಲೂಕಾಗಿ ಇನ್ನೂ ಬಹಳ ವರ್ಷವಾಗಿಲ್ಲ; ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಇರಬೇಕಾದ ಬಿಗುಮಾನ ಅದಕ್ಕೂ ಇದೆ. ಗಡಿಯಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ ಎಂಬುದು ಅವರ ದೊಡ್ಡತನ.

ವಾಹನದ ವಿಷಯ ಮೊದಲೇ ಅರಿಕೆ ಮಾಡಿಬಿಡುತ್ತೇನೆ. ಓದುಗರು ಬಲ್ಲ ಸೈಕಲ್ಲಿನಲ್ಲಿ ಕಾಲು ನಿಲ್ಲಿಸಿದರೂ ಗಾಲಿ ಉರುಳುತ್ತದೆ, ಹಿಂದಿನಿಂದ ಚಿಟಿಚಿಟಿ ಎಂದು ಸದ್ದು ಬರುತ್ತದೆ. ಆ ಸುಖವನ್ನು ಒದಗಿಸುವ ಭಾಗಕ್ಕೆ ಫ್ರೀವೀಲ್ ಎಂದು ಹೆಸರು. ನನ್ನ ಸೈಕಲ್ಲಿಗೆ ಅದು ಇಲ್ಲ. ಇದಕ್ಕೆ ಫಿಕ್ಸ್ ಗಾಡಿ ಎನ್ನುತ್ತಾರೆ. ಗಾಲಿ ಉರುಳುವಷ್ಟು ಹೊತ್ತೂ ಪೆಡಲು ತಿರುಗಬೇಕು, ಪೆಡಲು ತಿರುಗುವಷ್ಟು ಹೊತ್ತೂ ಕಾಲು ತಿರುಗಬೇಕು. ಇಳಿಜಾರಿನಲ್ಲೂ ಬಿಡುವಿಲ್ಲ. ವೇಗ ತಗ್ಗಿಸಬೇಕೆಂದರೆ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಬೇರೆ ಬ್ರೇಕು ಇಲ್ಲ. ನನ್ನ ತೊಡೆಗಳೇ ಬ್ರೇಕು. ಕಾಲು ಜಾರದಂತೆ ಪೆಡಲಿಗೆ ಚರ್ಮದ ಪಟ್ಟಿಯಿಂದ ಬಿಗಿದಿರುತ್ತದೆ. ಆದ್ದರಿಂದ ಇಳಿಯಲು ಒಂದು ಗೋಡೆಯೋ ಕಂಬವೋ ಬೇಕು. ಅದನ್ನು ಹಿಡಿದು ನಿಂತು, ಬಗ್ಗಿ, ಪಟ್ಟಿ ಸಡಿಲಿಸಿ, ಆಮೇಲೆ ಭೂಸ್ಪರ್ಶ.

ಕಾಲೇಜಿನಲ್ಲಿದ್ದಾಗ ಇಂಥ ಸೈಕಲ್ಲಿನ ಮೇಲೆ ಸ್ಪರ್ಧೆಗಳಲ್ಲಿ ಓಡುತ್ತಿದ್ದೆ. ಆಮೇಲೆ ನೌಕರಿ, ಸ್ಕೂಟರು, ಹೊಟ್ಟೆ ಇದೇ ಕ್ರಮದಲ್ಲಿ ಬಂದವು. ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕನಾಗಿ ಆಯುಷ್ಯದ ಬಹುಭಾಗವನ್ನು ಕುಳಿತೇ ಕಳೆದೆ. ನಿವೃತ್ತನಾದ ಮೇಲೆ ಒಂದು ದಿನ ಅಟ್ಟ ಸ್ವಚ್ಛ ಮಾಡಲು ಹತ್ತಿದವನು ಕಸದ ಬದಲು ಸೈಕಲ್ಲನ್ನು ಇಳಿಸಿಕೊಂಡು ಬಂದೆ.

ನನ್ನ ಧರ್ಮಪತ್ನಿ ಶಕುಂತಲಾ ತಕರಾರು ಎತ್ತಿದಳು.

"ಅರವತ್ತ ದಾಟೇತಿ ನಿಮಗ. ಬ್ರೇಕ್ ಇಲ್ಲದ್ದು ಹತ್ತತೇನಿ ಅಂತೀರಿ. ಸೊಂಟ ಮುರಕೊಂಡು ಬಂದ್ರ ಎತ್ತಿ ಕುಂದರಸಾಕ ನನ್ನ ಕಡೆ ಆಗೂದಿಲ್ಲ ನೋಡ್ರಿ ಮತ್ತ."

"ನಾ ಬೀಳೂದಿಲ್ಲ."

"ಹೋದ ದೀಪಾವಳಿಗೆ ಸ್ಟೂಲ್ ಮ್ಯಾಲಿಂದ ಬಿದ್ರಿ. ಅದಕ್ಕ ಗಾಲಿನೂ ಇರಲಿಲ್ಲ."

ವಾದ ಪ್ರತಿವಾದಗಳು ಹಲವು ದಿನ ನಡೆದು, ಕೊನೆಗೆ ಅಡುಗೆಮನೆಯ ಹೊಸ್ತಿಲ ಮೇಲೆ ರಾಜಿಯಾಯಿತು. ನಾನು ಮೂಡಲಗಿಗೆ ಹೋಗಿ ಅವಳ ತಮ್ಮನ ಮನೆಯಲ್ಲಿ ತಂಗಬೇಕು. ಮರುದಿನ ಹುಕ್ಕೇರಿಗೆ ಹೋಗಿ ನನ್ನ ಅಕ್ಕನ ಮನೆಯಲ್ಲಿ ತಂಗಬೇಕು. ಮೂರನೆಯ ದಿನ ಗೋಕಾಕಕ್ಕೆ ಮರಳಬೇಕು. ದಾರಿಯಲ್ಲಿ ಬೀಳಬಾರದು. ಯಾರ ಗಾಡಿಯನ್ನೂ ಹತ್ತಬಾರದು. ಇವೆರಡರಲ್ಲಿ ಒಂದು ಸಂಭವಿಸಿದರೂ ಸೈಕಲ್ಲು ಮತ್ತೆ ಅಟ್ಟಕ್ಕೆ, ಈ ಸಲ ಕಾಯಂ. ಎರಡೂ ಸಂಭವಿಸದಿದ್ದರೆ ಅವಳು ಈ ವಿಷಯದಲ್ಲಿ ಬಾಯಿ ಎತ್ತುವಂತಿಲ್ಲ. ಕೋರ್ಟಿನಲ್ಲಿ ಎಷ್ಟೋ ರಾಜಿಗಳನ್ನು ಓದಿ ಹೇಳಿದ್ದೇನೆ. ಇಷ್ಟು ಬಿಗಿಯಾದದ್ದು ಕಂಡಿರಲಿಲ್ಲ.

ಹೊರಡುವ ದಿನ ಅವಳು ಎರಡೂ ಮನೆಗಳಿಗೆ ಕರದಂಟಿನ ಡಬ್ಬಿ ಕಟ್ಟಿಕೊಟ್ಟಳು. ಪರದೇಶಕ್ಕೆ ಬರಿಗೈಲಿ ಹೋಗಬಾರದು.

ಮೂಡಲಗಿಯ ದಾರಿಯಲ್ಲಿ

ಊರು ದಾಟುವವರೆಗೆ ಜನ ನನ್ನನ್ನು ನೋಡಿದರು. ಊರು ದಾಟಿದ ಮೇಲೆ ನನಗೆ ಸಲಹೆ ಕೊಡಲು ಆರಂಭಿಸಿದರು. ಈ ಭಾಗದ ಜನರ ಕರುಣೆ ದೊಡ್ಡದು. ಒಬ್ಬ ಮುದುಕ ಇಳಿಜಾರಿನಲ್ಲೂ ಪೆಡಲು ತುಳಿಯುತ್ತಿರುವುದನ್ನು ಅವರಿಂದ ನೋಡಲಾಗುವುದಿಲ್ಲ. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಕೂಗಿದರು:

"ಕಾಕಾ, ಇಳಕಲ ಐತ್ರಿ! ಕಾಲ ಬಿಡ್ರಿ, ತಾನ ಹೋಗತೈತಿ!"

ನಾನು ನಕ್ಕು ತುಳಿಯುತ್ತಲೇ ಹೋದೆ. ಹಿಂದೆ ಒಬ್ಬಳ ದನಿ ಕೇಳಿಸಿತು: "ಪಾಪ, ಕಿವಿ ಕೇಳಸೂದಿಲ್ಲ ಕಾಣತೈತಿ."

ಕಬ್ಬಿನ ಹೊಲಗಳು ಸುರುವಾದ ಮೇಲೆ ಒಂದು ಮೋಟರ್‌ಸೈಕಲ್ಲು ಪಕ್ಕಕ್ಕೆ ಬಂತು. ಸವಾರ ಕಿವಿಗೂ ಭುಜಕ್ಕೂ ನಡುವೆ ಫೋನು ಇರುಕಿಕೊಂಡು ಮಾತಾಡುತ್ತಿದ್ದ. ಮಾತು ನಿಲ್ಲಿಸಿ ನನ್ನನ್ನು ನೋಡಿದ.

"ಕಾಕಾ, ದಣಿದೀರಲ್ರಿ. ಕಾಲ ಕೊಡ್ಲಿ?"

ಬೇಡ ಎನ್ನುವಷ್ಟರಲ್ಲಿ ಅವನು ಎಡಗಾಲನ್ನು ಚಾಚಿ ನನ್ನ ಸೀಟಿನ ಕೆಳಗಿನ ಕೊಳವೆಗೆ ಒತ್ತಿ ಗಾಡಿ ಏರಿಸಿದ. ನಮ್ಮ ಕಡೆ ದಣಿದ ಸೈಕಲ್ಲಿನವನಿಗೆ ಹೀಗೆ ಆಸರೆ ಕೊಡುವುದು ರೂಢಿ. ಬೇರೆಯವರಾದರೆ ಕಾಲು ನಿಲ್ಲಿಸಿ ರಾಜನಂತೆ ಕುಳಿತಿರುತ್ತಿದ್ದರು. ನನ್ನ ಕಾಲುಗಳು ಹೊಲಿಗೆ ಯಂತ್ರದ ಸೂಜಿಯಂತಾದವು. ಮೊಣಕಾಲು ಎಲ್ಲಿದೆ ಎಂದು ನನಗೇ ಕಾಣಿಸುತ್ತಿರಲಿಲ್ಲ.

"ಸಾಕೋ! ಬಿಡೋ ತಮ್ಮಾ!"

"ಇರಲಿ ಬಿಡ್ರಿ ಕಾಕಾ, ನಾನೂ ಆ ಕಡೆನ ಹೊಂಟೇನಿ!" ಎಂದು ಅವನು ಇನ್ನಷ್ಟು ಉತ್ಸಾಹದಿಂದ ತಳ್ಳಿದ. ಆಮೇಲೆ ಫೋನಿನಲ್ಲಿ, "ಏನಿಲ್ಲ, ಒಬ್ಬ ಹಿರ್‍ಯಾರಿಗೆ ಜರಾ ಸಹಾಯ ಮಾಡಾಕತ್ತೇನಿ" ಎಂದು ಹೇಳಿದ.

ದಾರಿ ಒಡೆಯುವ ಒಂದು ಕೂಟಿನಲ್ಲಿ ಅವನು ತಿರುಗಿ ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಇದು ಇನ್ನೊಬ್ಬರ ಗಾಡಿ ಹತ್ತಿದಂತಾಯಿತೇ? ನಾನು ಕುಳಿತದ್ದು ನನ್ನ ಸೀಟಿನ ಮೇಲೆ. ನನ್ನ ವಾಹನಕ್ಕೆ ತಗಲಿದ್ದು ಪರರ ಕಾಲು ಮಾತ್ರ. ರಾಜಿಯ ಶರತ್ತಿಗೆ ಭಂಗ ಬಂದಿಲ್ಲವೆಂದು ನಾನೇ ಆದೇಶ ಕೊಟ್ಟುಕೊಂಡೆ.

ಮೂಡಲಗಿ: ಬೀಗರ ನಾಡು

ಶಕುಂತಲೆಯ ತಮ್ಮ ಮಲ್ಲಪ್ಪ ಕಬ್ಬು ಬೆಳೆಯುವವನು. ಮನೆ ಊರ ಹೊರಗೆ ಹೊಲದಲ್ಲಿದೆ. ಅಂಗಳದ ಬೇವಿನ ಮರವನ್ನು ಹಿಡಿದು ನಾನು ನಿಂತಾಗ ಮನೆಮಂದಿಯೆಲ್ಲ ಹೊರಬಂದು, ನಾನು ಮರವನ್ನು ಯಾಕೆ ಅಪ್ಪಿಕೊಂಡಿದ್ದೇನೆಂದು ಮರ್ಯಾದೆಯಿಂದ ಕೇಳದೆ ನಿಂತರು.

ಆ ದೇಶದ ಆಹಾರ ಬಹುಮಟ್ಟಿಗೆ ನಮ್ಮದೇ: ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ವ್ಯತ್ಯಾಸವಿರುವುದು ಬಡಿಸುವುದರಲ್ಲಿ. ಗೋಕಾಕದಲ್ಲಿ ಸಾಕು ಎಂದರೆ ಇನ್ನೊಂದು ರೊಟ್ಟಿ ಬರುತ್ತದೆ. ಮೂಡಲಗಿಯಲ್ಲಿ ಸಾಕು ಎಂದರೆ ಎರಡು ಬರುತ್ತವೆ, ಜೊತೆಗೆ ಮನೆಯೊಡತಿ ಬಾಗಿಲ ಮರೆಯಿಂದ, "ನಮ್ಮ ಮನೀದು ರುಚಿ ಹತ್ತಲಿಲ್ಲ ಕಾಣತೈತಿ" ಎಂದು ಗೋಡೆಗೆ ಹೇಳುತ್ತಾಳೆ.

ಊಟವಾದ ಮೇಲೆ ಮಲ್ಲಪ್ಪ ಸೈಕಲ್ಲನ್ನು ತಪಾಸಣೆ ಮಾಡಿದ. ಹಿಂದಿನ ಗಾಲಿ ಎತ್ತಿ ಪೆಡಲನ್ನು ಹಿಂದಕ್ಕೆ ತಿರುಗಿಸಿದ. ಗಾಲಿಯೂ ಹಿಂದಕ್ಕೆ ತಿರುಗಿತು. ಮತ್ತೆ ತಿರುಗಿಸಿದ. ಮತ್ತೆ ಅದೇ.

"ಮಾಮಾ, ಇದು ಹಿಂದ ಹೊಂಟೈತಲ್ರಿ."

"ಅದು ಹಂಗ ಇರೂದು."

"ಹಂಗ ಇರೂದು?"

"ಹೌದು. ಅದ ಅದರ ವಿಶೇಷ."

ಮಲ್ಲಪ್ಪ ನನ್ನನ್ನು ದೀರ್ಘವಾಗಿ ನೋಡಿ, "ಇರಲಿ ತಗೋರಿ" ಎಂದು ಗಾಲಿಯನ್ನು ಮೆಲ್ಲಗೆ ಇಳಿಸಿದ. ಬಡತನ ಬಂದ ನೆಂಟನ ಹರಿದ ಅಂಗಿಯನ್ನು ಕಂಡೂ ಕಾಣದಂತೆ ಇರುವವನ ಮುಖ ಅವನದಾಗಿತ್ತು. ನಾನು ಅದನ್ನು ಗಮನಿಸಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಈ ಸೀಮೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಚಕ್ಕಡಿಯ ಕಾಲದಲ್ಲಿ ಬೀಗರು ಬಂದರೆ ಬೀಗರಿಗೆ ಊಟ ಹಾಕಿದಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅವರ ಎತ್ತುಗಳ ಮೈ ತೊಳೆದು ಮೇವು ಹಾಕಬೇಕು, ಗಾಡಿಯ ಅಚ್ಚಿಗೆ ಎಣ್ಣೆ ಹಾಕಬೇಕು, ಸಡಿಲಾದ ಹಗ್ಗ ಬದಲಿಸಬೇಕು. ಇದೆಲ್ಲ ಬೀಗರು ಏಳುವ ಮೊದಲೇ, ಅವರಿಗೆ ಹೇಳದೆ ಆಗಬೇಕು. ಹೇಳಿ ಮಾಡಿದರೆ ಅದು ಉಪಕಾರ, ಹೇಳದೆ ಮಾಡಿದರೆ ಮರ್ಯಾದೆ. ಎತ್ತು ಹೋಗಿ ಮೋಟರ್‌ಸೈಕಲ್ಲು ಬಂದರೂ ಪದ್ಧತಿ ಹೋಗಿಲ್ಲ. ಮಲ್ಲಪ್ಪನ ಮನೆಗೆ ಬಂದವರ ಕಾರು ಮರುದಿನ ತೊಳೆದಿರುತ್ತದೆ, ಗಾಳಿ ತುಂಬಿರುತ್ತದೆ.

ನಾನು ಬೆಳಿಗ್ಗೆ ಎದ್ದಾಗ ಸೈಕಲ್ಲು ಮಿಂದ ಮದುಮಗನಂತೆ ಬೇವಿನ ಮರಕ್ಕೆ ಒರಗಿತ್ತು. ಚೈನಿಗೆ ಎಣ್ಣೆ, ಹ್ಯಾಂಡಲಿಗೆ ಲಿಂಬೆಹಣ್ಣು ಮೆಣಸಿನಕಾಯಿ, ಮುಂದೆ ಚೆಂಡುಹೂವಿನ ಮಾಲೆ. ನಾನು ಮಾಲೆಯನ್ನು ಮುಟ್ಟಿ ನೋಡಿದೆ.

"ಮಲ್ಲಪ್ಪ, ಇಷ್ಟೆಲ್ಲ ಯಾಕ ಮಾಡಾಕ ಹೋದಿ?"

"ಅದರಾಗ ಏನೈತ್ರಿ ಮಾಮಾ," ಎಂದು ಮಲ್ಲಪ್ಪ ನೆಲ ನೋಡಿದ. "ಭಾಳ ಹಗರ ಆಗೇತಿ ನೋಡ್ರಿ ಈಗ."

ಮನೆಮಂದಿಯೆಲ್ಲ ಬೆನ್ನಿಗೆ ಕೈಹಚ್ಚಿ ನನ್ನನ್ನು ರಸ್ತೆಗೆ ಬಿಟ್ಟರು.

ಕಾಲುವೆಯ ಸೇತುವೆ

ಮೂಡಲಗಿಯಿಂದ ಘಟಪ್ರಭಾದ ಕಡೆಗೆ ಹೋಗುವ ದಾರಿ ಅಲ್ಲಿ ತಟ್ಟೆಯಂತೆ ಸಮತಟ್ಟು. ಎದುರು ಗಾಳಿ ಇಲ್ಲ, ವಾಹನ ಇಲ್ಲ. ಫಿಕ್ಸ್ ಗಾಡಿಯವನಿಗೆ ಒಂದು ಅಭ್ಯಾಸ ಹತ್ತಿರುತ್ತದೆ: ಅವನ ಕಾಲು ನಿಲ್ಲುವುದಿಲ್ಲ. ಉಸಿರಾಡುವುದನ್ನು ಮರೆತಾನು, ತುಳಿಯುವುದನ್ನು ಮರೆಯಲಾರ. ಹಾಗೆ ತುಳಿಯುತ್ತಾ, ಸೈಕಲ್ಲು ಎಷ್ಟು ಹಗುರಾಗಿದೆ, ನಮ್ಮ ಬೀಗರು ಎಷ್ಟು ಒಳ್ಳೆಯವರು ಎಂದು ಚಿಂತಿಸುತ್ತಾ ಸಾಗಿದೆ.

ಆ ಪ್ರಾಂತ್ಯದ ಏಕೈಕ ಪರ್ವತ ಕಾಲುವೆಯ ಸೇತುವೆ. ರಸ್ತೆ ಒಂದಿಷ್ಟು ಏರಿ, ಕಾಲುವೆ ದಾಟಿ, ಆ ಬದಿಗೆ ಅಷ್ಟೇ ಇಳಿಯುತ್ತದೆ. ಜೋರಾಗಿ ತುಳಿದು ಶಿಖರ ಮುಟ್ಟಿದೆ. ಕೆಳಗೆ ನೋಡಿದರೆ ರಸ್ತೆಯ ತುಂಬ ಕುರಿ. ಒಂದು ಬದಿಯಿಂದ ಇನ್ನೊಂದು ಬದಿಗೆ, ನಡುವೆ ಒಂದು ಬೆರಳು ಸಂದಿಲ್ಲದಂತೆ, ಆರಾಮವಾಗಿ ದಾಟುತ್ತಿವೆ.

ಗಾಬರಿಯಾಗಲಿಲ್ಲ. ಅಭ್ಯಾಸದಂತೆ ಪೆಡಲನ್ನು ಹಿಂದಕ್ಕೆ ಒತ್ತಿದೆ.

ಕಾಲು ಹಿಂದಕ್ಕೆ ಹೋಯಿತು. ಸೈಕಲ್ಲು ಮುಂದಕ್ಕೆ ಹೋಯಿತು. ಹಿಂದಿನಿಂದ ಚಿಟಿಚಿಟಿ ಎಂದು ಸದ್ದು ಬಂತು.

ಆ ಸದ್ದನ್ನು ಕೇಳಿದ ಕ್ಷಣದಲ್ಲಿ ಎಲ್ಲವೂ ತಿಳಿಯಿತು: ಮಲ್ಲಪ್ಪನ ಮೌನ, ಅವನ ಮುಖ, 'ಹಗರ ಆಗೇತಿ' ಎಂಬ ಮಾತು. ನನ್ನ ಸೈಕಲ್ಲಿಗೆ ಫ್ರೀವೀಲ್ ಹಾಕಿಸಿದ್ದಾನೆ! ಆದರೆ ತಿಳಿದುಕೊಂಡು ಮಾಡುವುದೇನು? ಬ್ರೇಕು ಇಲ್ಲ. ಕಾಲು ಕೊಟ್ಟು ನೆಲ ತಿಕ್ಕೋಣವೆಂದರೆ ಎರಡೂ ಪೆಡಲಿಗೆ ಬಿಗಿದಿವೆ. ಲಿಂಬೆಹಣ್ಣು ಗಾಳಿಗೆ ಹಾರಾಡುತ್ತಿತ್ತು.

ಕುರಿಗಳ ಹಿಂದೆ ಕಂಬಳಿ ಹೊದ್ದ ಕುರುಬ ಕೋಲೆತ್ತಿದ.

"ಏ ಸಾಹೇಬ್ರ! ಬ್ರೇಕ್ ಹಾಕ್ರೀ!"

"ಬ್ರೇಕ್ ಇಲ್ಲೋ!"

"ಇಲ್ಲದ್ದು ಯಾಕ ಹತ್ತೀರಿ?"

ಪ್ರಶ್ನೆ ಸಮಂಜಸವಾಗಿತ್ತು, ಆದರೆ ಸಮಯ ಸಮಂಜಸವಾಗಿರಲಿಲ್ಲ. ಬಲಗಡೆ ಹೊಲದ ಅಂಚಿಗೆ ಜೋಳದ ಕಣಿಕೆಯ ಬಣವೆಯೊಂದು ಕಾಣಿಸಿತು. ಹ್ಯಾಂಡಲ್ ತಿರುಗಿಸಿದೆ. ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ, ಕಣ್ಣು ಮುಚ್ಚಿದ್ದೆ. ಮುಖಕ್ಕೆ ಕಣಿಕೆ ತಾಗಿತು, ಕಿವಿಯಲ್ಲಿ ಸರಸರ ಸದ್ದಾಯಿತು, ಆಮೇಲೆ ಎಲ್ಲ ಶಾಂತವಾಯಿತು.

ಕಣ್ಣು ತೆರೆದಾಗ ನಾನು ಬಣವೆಯೊಳಗೆ ಸೊಂಟದವರೆಗೆ ಹೊಕ್ಕು, ಸೀಟಿನ ಮೇಲೆಯೇ ನೆಟ್ಟಗೆ ಕುಳಿತಿದ್ದೆ. ಎರಡೂ ಬದಿಗೆ ಕಣಿಕೆ ಒತ್ತಿ ಹಿಡಿದು ಸೈಕಲ್ಲನ್ನು ನಿಲ್ಲಿಸಿತ್ತು. ಒಂದು ಕುರಿ ಬಂದು ನನ್ನ ಕೊರಳಿಗೆ ಹಾರಿ ಬಿದ್ದಿದ್ದ ಚೆಂಡುಹೂವಿನ ಮಾಲೆಯನ್ನು ತಿನ್ನಲು ಆರಂಭಿಸಿತು.

ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿದ್ದ ಫೋನು ರಿಂಗಾಯಿತು. ಕೈಗಳು ಕಣಿಕೆಯೊಳಗೆ ಸಿಕ್ಕಿದ್ದವು. ಕುರುಬ ಬಂದು, ನನ್ನ ಪರವಾನಗಿಗೂ ಕಾಯದೆ, ಜೇಬಿಗೆ ಕೈಹಾಕಿ ಫೋನು ತೆಗೆದು ಮಾತಾಡಿದ. ಆ ಕಡೆಯ ದನಿ ದೊಡ್ಡದಾಗಿ ಕೇಳಿಸುತ್ತಿತ್ತು. ಶಕುಂತಲಾ.

"ಹಲೋ... ನಾ ಬೀರಪ್ಪರಿ, ಕುರಿ ಬೀರಪ್ಪ... ಹೌದ್ರಿ, ಸಾಹೇಬ್ರ ಅದಾರ. ಇಲ್ಲೇ ಬಣವ್ಯಾಗ ಅದಾರ."

"ಬಣವ್ಯಾಗ? ಬಿದ್ದಾರೇನು?"

ಕಾಲೇಜಿನ ದಿನಗಳಿಂದ ಇಂದಿನವರೆಗಿನ ನನ್ನ ಸೈಕಲ್ ಜೀವನ ಈ ಅಪರಿಚಿತನ ಸಾಕ್ಷ್ಯದ ಮೇಲೆ ನಿಂತಿತ್ತು. ಬೀರಪ್ಪ ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಪರೀಕ್ಷಿಸಿದ.

"ಬಿದ್ದಿಲ್ರಿ ಅಕ್ಕಾರ. ನೆಟ್ಟಗ ಹೊಕ್ಕಾರ."

"ಹೊಕ್ಕಾರ ಅಂದ್ರ?"

"ಅಂದ್ರ ಕುಂತಾರ್ರಿ. ಕುಂತಲ್ಲೇ ಕುಂತಾರ. ಒಂದ ಕುರಿ ಅವರ ಮಾಲಿ ತಿನ್ನಾಕತ್ತೈತಿ."

ಶಕುಂತಲಾ, "ಮಾಲಿ ಯಾರ ಹಾಕಿದ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನು ಇಟ್ಟಳು.

ಬೀರಪ್ಪನೇ ನನ್ನ ಕಾಲಿನ ಪಟ್ಟಿ ಬಿಚ್ಚಿ ಹೊರಗೆಳೆದ. ಅದಾದ ಮೇಲೆ ಮಲ್ಲಪ್ಪನಿಗೆ ಫೋನು ಹಚ್ಚಿದೆ. ಹಚ್ಚುವಾಗ ನನ್ನ ಬಾಯಲ್ಲಿ ತಯಾರಾಗಿದ್ದ ಮಾತುಗಳನ್ನು ಅಚ್ಚು ಹಾಕುವಂತಿಲ್ಲ.

"ತಿಳೀತೇನ್ರಿ ಮಾಮಾ?" ಎಂದ ಮಲ್ಲಪ್ಪ ನಾಚಿಕೆಯಿಂದ. "ಹೇಳಬಾರದು ಅಂತ ಮಾಡಿದ್ದೆ. ಫ್ರೀವೀಲ್ ಪೂರಾ ಜಾಮ್ ಆಗಿತ್ರಿ. ನೀವು ಸಂಕೋಚದ ಮನಷ್ಯಾರು, ಕೆಟ್ಟೈತಿ ಅಂತ ಬಾಯಿ ಬಿಟ್ಟು ಹೇಳಲಿಲ್ಲ, ವಿಶೇಷ ಗಿಶೇಷ ಅಂತ ಹಾರಿಸಿದ್ರಿ. ಹಾಸಿಗ್ಗೆ ಹೋದ್ರೂ ನನಗ ಸಮಾಧಾನ ಆಗಲಿಲ್ಲ ನೋಡ್ರಿ. ಬೆಳಕ ಹರಿಯೂದ್ರಾಗ ಸೈಕಲ್ ಮಿಸ್ತ್ರೀನ ಎಬ್ಬಿಸಿ ಹೊಸಾದು ಹಾಕಿಸೇನಿ. ಹೆಂಗೈತಿ? ಹಗರ ಐತಿಲ್ಲೋ?"

ಬಾಯಲ್ಲಿದ್ದುದನ್ನೆಲ್ಲ ನುಂಗಿದೆ.

"ಭಾಳ ಹಗರ ಐತಿ ಮಲ್ಲಪ್ಪ. ಹಕ್ಕಿ ಹಾರಿದಂಗ ಹಾರತೈತಿ."

ಘಟಪ್ರಭಾ

ಅಲ್ಲಿಂದ ಘಟಪ್ರಭಾದವರೆಗೆ ಸೈಕಲ್ಲನ್ನು ತಳ್ಳಿಕೊಂಡು ನಡೆದೆ. ನಡೆಯಬಾರದೆಂದು ರಾಜಿಯಲ್ಲಿರಲಿಲ್ಲ. ಆದರೆ ಈ ದೇಶಗಳಲ್ಲಿ ಸೈಕಲ್ಲು ತಳ್ಳಿಕೊಂಡು ನಡೆಯುವ ಮನುಷ್ಯನನ್ನು ಸುಮ್ಮನೆ ಬಿಡುವ ಕ್ರಮವಿಲ್ಲ. ಟ್ರ್ಯಾಕ್ಟರು, ಟೆಂಪೊ, ಹಾಲಿನ ಗಾಡಿ, ಎಲ್ಲವೂ ನಿಂತವು. ನಾನು ಬೇಡ ಎಂದೆ. ಅವರಿಗೆ ಬೇಸರವಾಯಿತು. ಹಾಲಿನ ಗಾಡಿಯವನಂತೂ, "ಯಾಕ್ರಿ, ನಮ್ಮ ಗಾಡಿ ನಿಮ್ಮ ಕಿಮ್ಮತ್ತಿಗೆ ಕಡಿಮಿ ಆತೇನು?" ಎಂದು ಕೇಳಿದ. "ಹರಕಿ ಐತಿ" ಎಂದೆ. ತಕ್ಷಣ ಅವನ ಮುಖದಲ್ಲಿ ಭಕ್ತಿ ಮೂಡಿತು. ಯಾವ ದೇವರೆಂದು ಕೇಳಿದ. ಶಕುಂತಲಾದೇವಿ ಎಂದು ಬಾಯಿಗೆ ಬಂತು, ತಡೆದುಕೊಂಡು ಕೈ ಮುಗಿದೆ.

ಘಟಪ್ರಭಾದ ಸೈಕಲ್ ಅಂಗಡಿಗಳಲ್ಲಿ ನನ್ನ ಬೇಡಿಕೆ ಕೇಳಿದವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಹಿಂದೆ ಯಾರಾದರೂ ಜವಾಬ್ದಾರಿ ಮನುಷ್ಯರು ಬಂದಿದ್ದಾರೆಯೇ ಎಂದು ನೋಡಿದರು. ಫಿಕ್ಸ್ ಗಾಡಿಯ ಹಲ್ಲುಚಕ್ರ ಯಾರಲ್ಲೂ ಇರಲಿಲ್ಲ. ಹೊಸ ಫ್ರೀವೀಲನ್ನು ತಿರುಗದಂತೆ ಮಾಡಿಕೊಡಿ ಎಂದರೆ ಯಾರೂ ಒಪ್ಪಲಿಲ್ಲ.

"ಸರಿ ಇದ್ದದ್ದನ್ನ ಕೆಡಸಾಕ ನಾವು ಅಂಗಡಿ ತಗದಿಲ್ರಿ," ಎಂದು ಒಬ್ಬ ನನ್ನ ಸೈಕಲ್ಲನ್ನು ನನ್ನಿಂದ ರಕ್ಷಿಸುವವನಂತೆ ಅಡ್ಡ ನಿಂತ.

ಕೊನೆಗೆ ಸ್ಟೇಶನ್ನಿನ ದಾರಿಯಲ್ಲಿ ಗೇಟು, ಕಿಟಕಿಗಳನ್ನು ಬೆಸೆಯುವ ಒಂದು ವೆಲ್ಡಿಂಗ್ ಅಂಗಡಿ ಕಂಡಿತು. ಅದನ್ನು ನಡೆಸುವ ದಸ್ತಗೀರನಿಗೆ ವಿಷಯ ಹೇಳಿದೆ: ಫ್ರೀವೀಲನ್ನು ಒಳಗಿಂದ ಬೆಸೆದುಬಿಡು, ಅದನ್ನು ಗಾಲಿಗೂ ಬೆಸೆದುಬಿಡು, ಎಲ್ಲ ಒಂದೇ ಲೋಹವಾಗಲಿ. ಅವನು ಕಪ್ಪು ಕನ್ನಡಕ ಹಣೆಗೇರಿಸಿದ.

"ಹಿಂಗ ಮಾಡಿದ್ರ ಪೆಡಲ್ ನಿಂದ್ರೂದಿಲ್ರಿ ಕಾಕಾ."

"ನಿಂದ್ರ ಬಾರದು."

"ಇಳಕಲದಾಗ ಕಾಲ ಮುರೀತಾವ."

"ಮುರೀಲಿ."

"ನಿಮ್ಮ ಮನ್ಯಾಗ ಯಾರ ಅದಾರ? ಫೋನ್ ಹಚ್ಚಿ ಕೊಡ್ರಿ. ನಾಳಿಗೆ ಬಂದು ನನ್ನ ಕೊಳ್ಳಪಟ್ಟಿ ಹಿಡದ್ರ?"

ಶಸ್ತ್ರಚಿಕಿತ್ಸೆಗೆ ಮನೆಯವರ ಒಪ್ಪಿಗೆ ಬೇಕೆಂಬುದು ನ್ಯಾಯವೇ. ಆದರೆ ಗೋಕಾಕಕ್ಕೆ ಫೋನು ಹಚ್ಚುವಂತಿರಲಿಲ್ಲ, ಮೂಡಲಗಿಗಂತೂ ಸಾಧ್ಯವೇ ಇಲ್ಲ. ಹುಕ್ಕೇರಿಯ ಅಕ್ಕನಿಗೆ ಹಚ್ಚಿಕೊಟ್ಟೆ. ದಸ್ತಗೀರ ಎಲ್ಲವನ್ನೂ ವಿವರಿಸಿದ. ಅಕ್ಕ ಪೂರ್ತಿ ಕೇಳಿ ಹೇಳಿದಳು:

"ಅಂವಾ ಸಣ್ಣಾಂವ ಇದ್ದಾಗಿಂದ ಹಂಗ. ಹೇಳಿದ್ರ ಕೇಳೂದಿಲ್ಲ. ನೀ ಬೆಸಿ ತಮ್ಮಾ. ಮತ್ತ ಅವಗ ಒಂದ ಕಪ್ ಚಾ ಕುಡಿಸಿ ಕಳಸು."

ಕಿಡಿ ಹಾರಿತು, ಸುಟ್ಟ ಎಣ್ಣೆಯ ವಾಸನೆ ಬಂತು. ತಣಿದ ಮೇಲೆ ದಸ್ತಗೀರ ಪೆಡಲನ್ನು ಹಿಂದಕ್ಕೆ ತಿರುಗಿಸಿದ. ಗಾಲಿಯೂ ಹಿಂದಕ್ಕೆ ತಿರುಗಿತು. ಸುತ್ತ ಸೇರಿದ್ದವರು ಮರುಗಿದರು. ಪ್ಲಾಟ್‌ಫಾರ್ಮಿಗೆ ಹೊರಟಿದ್ದ ಒಬ್ಬರು ನಿಂತು ನೋಡಿ, "ಛಲೋ ಇತ್ತಲ್ರಿ ಸೈಕಲ್ಲು" ಎಂದು ಸತ್ತವರ ಬಗ್ಗೆ ಮಾತಾಡುವಂತೆ ಹೇಳಿ ಹೋದರು. ದಸ್ತಗೀರ ಮರೆಯದೆ ಚಹಾ ತರಿಸಿದ.

ಹುಕ್ಕೇರಿ

ಮೂಡಲಗಿಯವರು ಪ್ರಶ್ನೆ ಕೇಳದೆ ರಿಪೇರಿ ಮಾಡುತ್ತಾರೆ. ಹುಕ್ಕೇರಿಯವರೂ ಕೇಳುವುದಿಲ್ಲ, ನೇರವಾಗಿ ತೀರ್ಪು ಕೊಡುತ್ತಾರೆ. ಅದು ಸಂತೆಯ ದಿನವಾಗಿತ್ತು. ಗದ್ದಲದ ನಡುವೆ ನಾನು ಮೆಲ್ಲಗೆ ತುಳಿಯುತ್ತಾ ಸಾಗುವಾಗ ಮೆಣಸಿನಕಾಯಿ ರಾಶಿಯ ಹಿಂದೆ ಕುಳಿತವರು ನನ್ನ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡರು.

"ಡಾಕ್ಟರ್ ಹೇಳಿರಬೇಕು. ಸಕ್ಕರಿ ಬ್ಯಾನಿ."

"ಇಲ್ಲೋ. ಮನ್ಯಾಗ ಜಗಳ ಆಗೇತಿ. ಮುಖ ನೋಡು."

"ಜಗಳ ಆದ್ರ ಬಸ್ ಹತ್ತತಾರ. ಇದು ಹರಕಿ."

ಹರಕೆಯ ಸುದ್ದಿ ಹಾಲಿನ ಗಾಡಿಯ ಮೇಲೆ ಕುಳಿತು ನನಗಿಂತ ಮೊದಲೇ ಹುಕ್ಕೇರಿ ಮುಟ್ಟಿರಬೇಕು.

ಅಕ್ಕನ ಮನೆಯ ಕಿಟಕಿಯ ಸರಳು ಹಿಡಿದು ಇಳಿದೆ. ಕಾಲುಗಳು ಎರಡು ದಿನದ ಲೆಕ್ಕ ಒಪ್ಪಿಸುತ್ತಿದ್ದವು. ಆದರೂ ಎಚ್ಚರ ತಪ್ಪಲಿಲ್ಲ. ಒಂದು ಮರ್ಯಾದೆಯಿಂದ ಪಾರಾದವನು ಇನ್ನೊಂದು ಮರ್ಯಾದೆಗೆ ಬಲಿಯಾಗಬಾರದೆಂದು ಸೈಕಲ್ಲನ್ನು ಮಲಗುವ ಕೋಣೆಗೇ ಒಯ್ದು, ಮಂಚದ ಕಾಲಿಗೆ ಸರಪಳಿ ಹಾಕಿ ಬೀಗ ಜಡಿದೆ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಯಾಕೋ ಬಾಳೂ, ನಮ್ಮ ಮನ್ಯಾಗ ಕಳ್ಳರ ಅದಾರೇನು?"

"ಕಳ್ಳರ ಅಂಜಿಕಿ ಇಲ್ಲ ಅಕ್ಕಾ. ಒಳ್ಳ್ಯಾರ ಅಂಜಿಕಿ."

ಮಲ್ಲಪ್ಪನ ಕಥೆ ಹೇಳಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ನಗು ಮುಗಿದ ಮೇಲೆ ಹೇಳಿದಳು:

"ಶಕುಂತಲಾ ನಿನ್ನೆಯಿಂದ ಮೂರ ಸಲ ಫೋನ್ ಮಾಡ್ಯಾಳ. ಮುಟ್ಟಿದನೇನು, ಮುಟ್ಟಿದನೇನು ಅಂತ. ನಿನಗ ಹೇಳಬ್ಯಾಡ ಅಂದಾಳ."

"ಆ ಕುರುಬಗ ಬಿದ್ದಾರೇನು ಅಂತ ಕೇಳಿದ್ಳು."

"ಹೂಂ ಮತ್ತ. ಎರಡೂ ಒಂದ ಅಲ್ಲೇನೋ?"

ನನಗೆ ಅವೆರಡು ಒಂದೇ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಪ್ರತಿವಾದಿ ಕೇಸು ಗೆಲ್ಲಲು ಫೋನು ಮಾಡುತ್ತಿದ್ದಾಳೆ ಎಂದೇ ತಿಳಿದಿದ್ದೆ.

ಬೆಳಿಗ್ಗೆ ಹೊರಟಾಗ ಬಾಗಿಲಲ್ಲಿ ಅಕ್ಕನ ಮಗನ ಟೆಂಪೊ ಸಿದ್ಧವಾಗಿ ನಿಂತಿತ್ತು, ಸೈಕಲ್ಲು ಕಟ್ಟಲು ಹಗ್ಗ ಸಮೇತ. "ಊರ ಹೊರಗ ಇಳಸತಾನ, ಯಾರಿಗೆ ತಿಳೀತೈತಿ?" ಎಂದಳು ಅಕ್ಕ. ಮೊಣಕಾಲುಗಳು ಆ ವಾದವನ್ನು ಬಲವಾಗಿ ಎತ್ತಿಹಿಡಿದವು. ನಾನು ಮೊಣಕಾಲುಗಳ ಮಾತು ತಳ್ಳಿಹಾಕಿ ಸೈಕಲ್ಲು ಹತ್ತಿದೆ.

ಮರಳಿ ಸ್ವದೇಶಕ್ಕೆ

ಗುಡ್ಡದ ದಾರಿಯನ್ನು ಬಣ್ಣಿಸಲಾರೆ. ಏರುವಾಗ ಬೆವರು ಕಣ್ಣಿಗಿಳಿದು ಏನೂ ಕಾಣಲಿಲ್ಲ. ಇಳಿಯುವಾಗ ಕಾಲು ತಡೆಯುವುದರಲ್ಲೇ ಲಕ್ಷ್ಯವಿತ್ತು. ದಸ್ತಗೀರನ ಬೆಸುಗೆ ಕೈಬಿಡಲಿಲ್ಲ. ಬಿಸಿಲು ಏರುವ ಹೊತ್ತಿಗೆ ಗೋಕಾಕದ ಮನೆಗಳು ಕಂಡವು. ಪರದೇಶದಿಂದ ಮರಳಿದವರು ತಾಯ್ನಾಡಿನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರಂತೆ. ನಾನು ಮುಟ್ಟಿದ್ದರೆ ಏಳುತ್ತಿರಲಿಲ್ಲ.

ನಮ್ಮ ಓಣಿಗೆ ತಿರುಗಿದೆ. ಶಕುಂತಲಾ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕುಳಿತಿದ್ದಳು. ಎದುರುಮನೆಯ ಕಾಶವ್ವ ಅವಳಿಗೆ ಜೊತೆಯಾಗಿದ್ದಳು. ಬಿದ್ದಿಲ್ಲ, ಯಾರ ಗಾಡಿಯನ್ನೂ ಹತ್ತಿಲ್ಲ. ಇನ್ನು ಮನೆಯ ಮುಂದಿನ ವಿದ್ಯುತ್ ಕಂಬ ಹಿಡಿದು ಇಳಿದರೆ ಮುಗಿಯಿತು. ಮೆಲ್ಲಗೆ ಪೆಡಲು ತಡೆಯುತ್ತಾ ಕಂಬದ ಬಳಿ ಬಂದೆ.

ಕಂಬಕ್ಕೆ ಯಾರೋ ಎಮ್ಮೆ ಕಟ್ಟಿದ್ದರು.

ಎಮ್ಮೆ ನನ್ನನ್ನು ನೋಡಿತು. ನಾನು ಎಮ್ಮೆಯನ್ನು ನೋಡಿದೆ. ವೇಗ ಅಷ್ಟರಲ್ಲಿ ಪೂರ್ತಿ ಸತ್ತಿತ್ತು. ಮತ್ತೊಂದು ಸುತ್ತು ತುಳಿಯಲು ಕಾಲಲ್ಲಿ ಶಕ್ತಿ ಇಲ್ಲ, ಪಟ್ಟಿ ಬಿಚ್ಚಲು ಬಗ್ಗುವಷ್ಟು ಸಮಯ ಇಲ್ಲ. ನಿಂತ ಸೈಕಲ್ಲು ಯೋಚನೆ ಮಾಡುವಂತೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತೂಗಿ, ಎಡಕ್ಕೆ ಎಂದು ನಿರ್ಧರಿಸಿ ವಾಲತೊಡಗಿತು.

ಅಕ್ಕಿಯ ಮೊರ ಕೆಳಗೆ ಬಿದ್ದ ಸದ್ದಾಯಿತು. ಶಕುಂತಲಾ ಕಟ್ಟೆ ಇಳಿದದ್ದನ್ನು ನಾನು ಕಾಣಲಿಲ್ಲ. ಕಂಡಾಗ ಅವಳು ಮುಂದಿನ ಗಾಲಿಗೆ ಅಡ್ಡ ನಿಂತು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದಳು. ಸೈಕಲ್ಲು ನೆಟ್ಟಗೆ ನಿಂತಿತು. ನಾನು ಮೇಲೆ, ಎರಡೂ ಕಾಲು ಬಂಧನದಲ್ಲಿ.

"ಬಿದ್ರೇನು?" ಎಂದಳು ಏದುಸಿರು ಬಿಡುತ್ತಾ.

"ಇಲ್ಲ."

"ಯಾರದರ ಗಾಡಿ ಹತ್ತಿದ್ರೇನು?"

"ಇಲ್ಲ."

"ಹಂಗಾರ ನೀವ ಗೆದ್ರಿ." ಒಂದು ಕ್ಷಣ ನನ್ನನ್ನು ನೋಡಿದಳು. "ಕೈ ಬಿಡ್ಲಿ?"

"ಬ್ಯಾಡ!"

"ಬಿಟ್ಟ ನೋಡ ಶಕುಂತಲಾ," ಎಂದು ಕಟ್ಟೆಯಿಂದ ಕಾಶವ್ವ ಹುರಿದುಂಬಿಸಿದಳು.

"ಬ್ರೇಕ್ ಹಾಕಸ್ತೀರೇನು?"

"ಬಾಯಿ ಎತ್ತೂದಿಲ್ಲ ಅಂದಿದ್ದಿ. ರಾಜಿ ಆಗೇತಿ."

"ಬಾಯಿ ಎತ್ತಾಕತ್ತಿಲ್ಲ. ಕೈ ಎತ್ತಾಕತ್ತೇನಿ."

ಒಂದು ಕೈ ಎತ್ತಿದಳು. ಸೈಕಲ್ಲು ನಡುಗಿತು.

"ಮುಂದಿಂದು ಒಂದು ಹಾಕಸ್ತೇನಿ!"

ಇನ್ನೊಂದು ಕೈಯ ಎರಡು ಬೆರಳು ಸಡಿಲಾದವು.

"ಎರಡೂ! ಹಿಂದಿಂದೂ!"

ಕೈಗಳು ಮರಳಿ ಬಂದವು. ನನ್ನ ಶುದ್ಧ ಫಿಕ್ಸ್ ಗಾಡಿಯ ವ್ರತ ಎಮ್ಮೆಯ ಸಮಕ್ಷಮದಲ್ಲಿ ಭಂಗವಾಯಿತು.

"ಮತ್ತ ನೀವೊಬ್ಬರ ದೂರ ಹೋಗೂದಿಲ್ಲ."

"ನನ್ನ ಜೋಡಿ ಯಾರ ಬರತಾರ? ನಿನಗ ಸೈಕಲ್ ಬರೂದಿಲ್ಲ."

"ಬಸ್ ಬರತೈತಿ," ಎಂದಳು. "ನೀವು ಸೈಕಲ್ ಹತ್ರಿ. ನಾ ಬಸ್ಸಿಗೆ ಮುಂದ ಹೋಗಿ ಆ ಊರಾಗ ನಿಂತಿರತೇನಿ. ಬಂದ ಮ್ಯಾಲ ಹಿಡ್ಯಾಕ ಒಬ್ಬರರ ಬೇಕಲ್ಲ. ಎಲ್ಲಾ ಊರಾಗೂ ಬಣವಿ ಇರತಾವೇನು?"

ನಾನು ಒಪ್ಪಿದೆ. ಆ ಸ್ಥಿತಿಯಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲ, ಇದ್ದಿದ್ದರೂ ಸಲ್ಲಿಸುತ್ತಿರಲಿಲ್ಲ. ಪಟ್ಟಿ ಬಿಚ್ಚಲು ಅವಳು ಕಾಶವ್ವನನ್ನು ಕರೆದಳು. ಕಾಶವ್ವ ನಗುತ್ತಾ, ಬೈಯುತ್ತಾ, ಒಂದೊಂದೇ ಕಾಲು ಬಿಡಿಸಿ ನನ್ನನ್ನು ಇಳಿಸಿ ಕಟ್ಟೆಯ ಮೇಲೆ ಕೂಡಿಸಿದಳು. ನಾನು ಕುಳಿತು ನೀರು ಕುಡಿದು ಮುಗಿಸಿದ ಮೇಲೂ ಶಕುಂತಲಾ ಓಣಿಯ ನಡುವೆ ಆ ಖಾಲಿ ಸೈಕಲ್ಲಿನ ಹ್ಯಾಂಡಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೇ ನಿಂತಿದ್ದಳು.